ಹನ್ನೆರಡು ಹೆಸರುಗಳು

ಆದಿ ಕ್ರೈಸ್ತ ಹುತಾತ್ಮರ ಕಥನಗಳಲ್ಲಿ ನಾನು ಮತ್ತೆ ಮತ್ತೆ ಓದುವುದು ಒಂದೆರಡು ಪುಟಗಳ ಪುಟ್ಟ ಲ್ಯಾಟಿನ್ ಬರಹವನ್ನು. ಅದರ ಹೆಸರು ‘ಸ್ಕಿಲ್ಲಿ ಹುತಾತ್ಮರ ನಡವಳಿ’. ಕ್ರಿ.ಶ. 180ರ ಜುಲೈ 17ರಂದು ಉತ್ತರ ಆಫ್ರಿಕದ ಕಾರ್ತೇಜ್ ನಗರದಲ್ಲಿ ನಡೆದ ವಿಚಾರಣೆಯ ವರದಿ ಅದು. ಪೀಠದಲ್ಲಿ ರೋಮನ್ ಪ್ರಾಂತ್ಯಾಧಿಪತಿ ಸಟರ್ನಿನಸ್. ಎದುರಿಗೆ ಸ್ಕಿಲ್ಲಿ ಎಂಬ ಊರಿನ ಕೆಲವರು ಕ್ರೈಸ್ತರು.

ಇದನ್ನು ಸಾಹಿತ್ಯವೆನ್ನಬಹುದೆ? ಇಲ್ಲಿ ವರ್ಣನೆಯಿಲ್ಲ, ಉಪಮೆಯಿಲ್ಲ, ಕಣ್ಣೀರಿಲ್ಲ, ಬರಿಯ ಪ್ರಶ್ನೋತ್ತರ. ಆದರೂ ಒಳ್ಳೆಯ ನಾಟಕದ ಬಿಗಿ ಇದಕ್ಕಿದೆ. ಸಟರ್ನಿನಸ್ ರಾಕ್ಷಸನಲ್ಲ. ದಾರಿಗೆ ಬಂದರೆ ಚಕ್ರವರ್ತಿಯ ಕ್ಷಮೆ ದೊರೆತೀತೆಂದು ಮೊದಲೇ ಹೇಳುತ್ತಾನೆ. ಯೋಚಿಸಲು 30 ದಿನಗಳ ವಾಯಿದೆಯನ್ನೂ ಕೊಡಬರುತ್ತಾನೆ. ಅವರಿಗೆ ಅದು ಬೇಡ. ಆರೋಪಿಗಳ ಪರವಾಗಿ ಮಾತನಾಡುವ ಸ್ಪೆರಾಟಸ್ ದಂಗೆಕೋರನೂ ಅಲ್ಲ. ಕಳವು ಮಾಡಿದವನಲ್ಲ, ಕೊಂಡ ವಸ್ತುವಿಗೆ ತೆರಿಗೆ ತೆರುವವನು. ಡೊನಾಟಾ ಎಂಬ ಹೆಂಗಸು ಚಕ್ರವರ್ತಿಗೆ ಸಲ್ಲುವ ಗೌರವವನ್ನು, ದೇವರಿಗೆ ಸಲ್ಲುವ ಭಯಭಕ್ತಿಯನ್ನು ಬೇರೆ ಬೇರೆಯಾಗಿಯೇ ಇಡುತ್ತಾಳೆ. ಅವರ ಪೆಟ್ಟಿಗೆಯಲ್ಲಿ ಸಿಕ್ಕುವುದು ಪುಸ್ತಕಗಳು, ಸಂತ ಪೌಲನ ಪತ್ರಗಳು.

ಹಾಗಾದರೆ ಅಪರಾಧವೇನು? ಸುಮಾರು 112ರಲ್ಲಿ ಟ್ರಾಜನ್ ಚಕ್ರವರ್ತಿ ತನ್ನ ಅಧಿಕಾರಿ ಪ್ಲಿನಿಗೆ ಕೊಟ್ಟ ಅಪ್ಪಣೆಯಲ್ಲಿ ಇದಕ್ಕೆ ಉತ್ತರವಿದೆ. ಕ್ರೈಸ್ತರನ್ನು ಹುಡುಕಬೇಕಾಗಿಲ್ಲ, ದೂರು ಬಂದು ರುಜುವಾತಾದರೆ ಶಿಕ್ಷಿಸಬೇಕು, ತಾನು ಕ್ರೈಸ್ತನಲ್ಲವೆಂದು ದೇವತೆಗಳನ್ನು ಪೂಜಿಸಿದವನನ್ನು ಬಿಡಬೇಕು. ಅಪರಾಧಿಯೆಂದ ಮೇಲೆ ಹುಡುಕಬಾರದೇಕೆ, ನಿರಪರಾಧಿಯಾದರೆ ಶಿಕ್ಷೆಯೇಕೆ ಎಂದು ಕಾರ್ತೇಜಿನವನೇ ಆದ ಟರ್ಟುಲಿಯನ್ 197ರ ಸುಮಾರಿಗೆ ಕೆಣಕಿದ. ಸ್ಕಿಲ್ಲಿಯ ನಡವಳಿ ಈ ವಾದವನ್ನು ಹೂಡುವುದಿಲ್ಲ. ಕಾನೂನು ಮಾತನಾಡುವುದನ್ನು ಸುಮ್ಮನೆ ಕೇಳಿಸುತ್ತದೆ.

ಮುಂದಿನ ಶತಮಾನಗಳ ಎಷ್ಟೋ ಹುತಾತ್ಮ ಕಥೆಗಳಲ್ಲಿ ನ್ಯಾಯಾಧಿಪತಿ ಹಲ್ಲು ಕಡಿಯುತ್ತಾನೆ, ಪವಾಡಗಳು ಸಾಲುಗಟ್ಟುತ್ತವೆ. ಅಲ್ಲಿ ವೀರರಸಕ್ಕೆ ಕೊರತೆಯಿಲ್ಲ. ಆದರೆ ಖಳನನ್ನು ದೂರಿ ಓದುಗ ನಿಶ್ಚಿಂತನಾಗುತ್ತಾನೆ. ಸಭ್ಯನಾದ ಸಟರ್ನಿನಸ್ ನಮಗೆ ಆ ನೆಮ್ಮದಿಯನ್ನು ಕೊಡುವುದಿಲ್ಲ. ಈ ಬರಹಕ್ಕೂ ಕೊನೆಯಲ್ಲಿ ಭಕ್ತರ ಕೈ ಸೋಕಿದೆ. ಹುತಾತ್ಮರ ಸ್ವರ್ಗವೈಭವದ ಆ ಮಾತು ಇಲ್ಲದಿದ್ದರೂ ನಡೆಯುತ್ತಿತ್ತೆಂದು ನನಗೆ ತೋರುತ್ತದೆ.

ಅದಕ್ಕೆ ಮುಂಚಿನ ಒಂದು ವಿವರವನ್ನು ಓದುಗರು ಗಮನಿಸಬೇಕು. ವಿಚಾರಣೆಯ ಆರಂಭದಲ್ಲಿ ಹೆಸರಿಸಿದ್ದು ಆರು ಮಂದಿಯನ್ನು. ಶಿರಚ್ಛೇದದ ತೀರ್ಪಾದ ಮೇಲೆ ಡಂಗುರದವನು ಕೂಗುವುದು ಹನ್ನೆರಡು ಹೆಸರುಗಳನ್ನು. ಉಳಿದ ಆರು ಮಂದಿ ಹೆಸರು ಹಿಡಿದು ನಮಗೆ ಪರಿಚಯವಾಗುವುದು ಅವರ ಮರಣದ ಘೋಷಣೆಯಲ್ಲಿ ಮಾತ್ರ.