ಖಂಜಿರದ ಕಂಠ, ಉಡದ ಪ್ರಾಣ

ಖಂಜಿರ ವಿದ್ವಾಂಸ ಜಿ. ಹರಿಶಂಕರ್ ಅವರ ಹಳೆಯ ಧ್ವನಿಮುದ್ರಣ ಯಾವುದಾದರೂ ಸಿಕ್ಕರೆ, ಲಯವಾದ್ಯಗಳು ಮಾತ್ರ ನುಡಿಯುವ ತನಿ ಆವರ್ತನದ ಭಾಗವನ್ನು ಕಣ್ಣು ಮುಚ್ಚಿ ಕೇಳಿ. ಬಲಗೈ ಪೆಟ್ಟು ಬಿದ್ದ ಕೂಡಲೇ ಎಡಗೈ ಬೆರಳುಗಳು ಅಂಚಿನ ಬಳಿ ಚರ್ಮವನ್ನು ಒತ್ತುತ್ತವೆ. ಗುಮ್ಕಿ ಎಂಬ ಆಳದ ನಾದ ಪಾತಾಳದಿಂದ ಎದ್ದು ಮೇಲಕ್ಕೆ ಜಾರುತ್ತದೆ. 2002ರಲ್ಲಿ ತೀರಿಕೊಂಡ ಆ ಮಹಾನುಭಾವರ ಕೈಯಲ್ಲಿ ಖಂಜಿರ ಮಾತಾಡುತ್ತಿತ್ತು ಎನ್ನುವುದು ಉತ್ಪ್ರೇಕ್ಷೆಯಲ್ಲ. ಪುದುಕ್ಕೋಟೆಯ ಮಾನ್‌ಪೂಂಡಿಯಾ ಪಿಳ್ಳೈ 19ನೇ ಶತಮಾನದಲ್ಲಿ ಕಛೇರಿಯ ವೇದಿಕೆಗೆ ತಂದ ವಾದ್ಯ ಇದು. ಹಲಸಿನ ಮರದ ಒಂದು ಬಳೆ, ಅದರ ಸೀಳಿನಲ್ಲಿ ಪೋಣಿಸಿದ ಮೂರು ನಾಲ್ಕು ಬಿಲ್ಲೆ, ಒಂದು ಮುಖಕ್ಕೆ ಬಿಗಿದ ತೆಳು ಚರ್ಮ, ಅಷ್ಟೇ. ನುಡಿಸುವ ಮುನ್ನ ಒಳಮೈಗೆ ನೀರು ಸವರಬೇಕು. ಕಛೇರಿ ಸಾಗುತ್ತಿದ್ದಂತೆ ಚರ್ಮ ಒಣಗಿ ನಾದ ಮೇಲೇರುತ್ತದೆ, ಮತ್ತೆ ನೀರು ಸವರಬೇಕು. ಬೆರಳು ಒತ್ತಿದಷ್ಟು ಬಾಗುವ, ಬಿಟ್ಟ ಕೂಡಲೇ ಪುಟಿಯುವ ಆ ಚರ್ಮ ಉಡದ್ದು.

ನಾನು ಈ ವಾದ್ಯದ ಆರಾಧಕ. ಆದ್ದರಿಂದಲೇ ಈ ವಿಷಯದಲ್ಲಿ ಸುಮ್ಮನಿರಲಾರೆ.

ಬಯಲುಸೀಮೆಯ ಕಲ್ಲುಗುಡ್ಡ, ಕೆರೆ ಏರಿ, ಹೊಲದ ಬದು ಎಲ್ಲೆಡೆ ಉಡ ಇತ್ತು. ಸೀಳು ನಾಲಗೆಯನ್ನು ಹೊರಚಾಚಿ ಎಳೆದುಕೊಳ್ಳುತ್ತಾ, ವಾಸನೆ ಹಿಡಿದು ನಿಧಾನವಾಗಿ ನಡೆಯುವ ಪ್ರಾಣಿ. ಜೀರುಂಡೆ, ಏಡಿ, ಇಲಿ, ಹಾವು, ಹಕ್ಕಿಯ ಮೊಟ್ಟೆ ಎಲ್ಲವೂ ಅದಕ್ಕೆ ಆಹಾರ. ಮಣ್ಣಿನ ಗುಂಡಿಯಲ್ಲೋ ಹುತ್ತದಲ್ಲೋ ಮೊಟ್ಟೆಯಿಟ್ಟು ಮುಚ್ಚಿ ಹೋದರೆ ಮರಿ ಹೊರಬರಲು ತಿಂಗಳುಗಳೇ ಬೇಕು. ಮಾಂಸಕ್ಕೆ, ಕೀಲುನೋವಿಗೆಂದು ತೆಗೆಯುವ ಎಣ್ಣೆಗೆ ಇದನ್ನು ಕೊಲ್ಲುತ್ತಾರೆ. ಇದರ ಜನನಾಂಗವನ್ನೇ ಒಣಗಿಸಿ, ಹಣ ತರುವ ಬೇರು ಎಂದು ನಂಬಿಸಿ, 'ಹಾಥಾ ಜೋಡಿ' ಹೆಸರಿನಲ್ಲಿ ಮಾರುತ್ತಾರೆ. ಇವುಗಳ ಮುಂದೆ ಖಂಜಿರದ ಪಾಲು ಚಿಕ್ಕದಿರಬಹುದು. ಆದರೆ ಸಂಗೀತದವರಾದ ನಾವು ಉತ್ತರ ಹೇಳಬೇಕಾಗಿರುವುದು ನಮ್ಮ ಪಾಲಿಗೆ.

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಒಂದನೇ ಶೆಡ್ಯೂಲಿನಲ್ಲಿ ಹುಲಿ, ಆನೆಗಳ ಸಾಲಿನಲ್ಲೇ ಉಡವೂ ಇದೆ. ಕೊಂದರೆ ಕನಿಷ್ಠ ಮೂರು ವರ್ಷ ಜೈಲು, ಏಳರವರೆಗೂ ಹೋಗಬಹುದು. ಕಾಡಂಚಿನ ಬಡವ ಬಲೆಗೆ ಬೀಳುತ್ತಾನೆ. ಚರ್ಮ ಬೇಕೆಂದವರು ಎಲ್ಲೋ ನೆಮ್ಮದಿಯಾಗಿರುತ್ತಾರೆ. ವನ್ಯಜೀವಿ ರಾಜಕಾರಣದ ಈ ಹಳೆಯ ಅನ್ಯಾಯ ನಮ್ಮ ಕಛೇರಿಯ ಜಮಖಾನದವರೆಗೂ ಹರಡಿದೆ.

ಇನ್ನೊಂದು ತೊಡಕಿದೆ, ಅದು ನನ್ನನ್ನು ಬಹಳ ಕಾಡುತ್ತದೆ. 2002ರ ತಿದ್ದುಪಡಿಯ ಪ್ರಕಾರ, ಒಂದನೇ ಶೆಡ್ಯೂಲಿನ ಪ್ರಾಣಿಯಿಂದ ಮಾಡಿದ ವಸ್ತು ಮಾಲೀಕತ್ವದ ಪ್ರಮಾಣಪತ್ರ ಇಲ್ಲದವರ ಕೈಗೆ ಬರಲು ಇರುವ ದಾರಿ ಒಂದೇ, ಪಿತ್ರಾರ್ಜಿತ. ಹಳೆಯ ವಿದ್ವಾಂಸರ ಖಂಜಿರ, ತಾಳವೇ ತಿಳಿಯದ ಮಗನಿಗೆ ಹೋಗಬಹುದು. ಅವರ ಮನೆಯಲ್ಲೇ ಉಂಡು, ಅವರ ಪಾಠವನ್ನೆಲ್ಲ ಬೆರಳಲ್ಲಿ ಇಟ್ಟುಕೊಂಡ ಶಿಷ್ಯನಿಗೆ ಹೋಗುವಂತಿಲ್ಲ. ಗುರುಪರಂಪರೆಯಲ್ಲೇ ಬದುಕಿರುವ ಕಲೆಗೆ ಇದು ಕಠಿಣ ಮಾತು. ಹಾಗೆಂದು ಕಾಯ್ದೆಯನ್ನು ಸಡಿಲಿಸಿ ಎಂದು ಕೇಳಲು ನನಗೆ ಮನಸ್ಸಿಲ್ಲ. ಒಂದು ಕಿಂಡಿ ತೆರೆದರೆ ಹೊಸ ಚರ್ಮವೆಲ್ಲ 'ಗುರುಗಳು ಕೊಟ್ಟದ್ದು' ಎಂಬ ಹೆಸರಲ್ಲಿ ಬರುತ್ತದೆ.

ಉಳಿದ ದಾರಿ ಚರ್ಮವನ್ನೇ ಬದಲಾಯಿಸುವುದು. ಮೈಸೂರು ವೀಣೆಯ ಅಂಚಿಗೆ ಹಿಂದೆ ದಂತದ ಕುಸುರಿ ಇರುತ್ತಿತ್ತು. ದಂತದ ವ್ಯಾಪಾರ ನಿಂತಾಗ ಆ ಜಾಗಕ್ಕೆ ಪ್ಲಾಸ್ಟಿಕ್ ಬಂತು, ನಾದಕ್ಕೆ ಏನೂ ಆಗಲಿಲ್ಲ. ದಂತ ಅಲಂಕಾರವಾಗಿತ್ತು. ಖಂಜಿರದಲ್ಲಿ ಚರ್ಮವೇ ಕಂಠ, ಬದಲಾಯಿಸಿದರೆ ಕಿವಿಗೆ ತಿಳಿಯುತ್ತದೆ. ತೆಳುವಾಗಿ ಹೆರೆದ ಆಡಿನ ಚರ್ಮದಲ್ಲಿ ಗುಮ್ಕಿ ಉಡದ ಚರ್ಮದಲ್ಲಿ ಜಾರಿದಷ್ಟು ದೂರ ಜಾರುವುದಿಲ್ಲ, ಸ್ವಲ್ಪ ಮೊಂಡು. ಸಿಂಥೆಟಿಕ್ ಹೊದಿಕೆಗೆ ನೀರಿನ ಗೊಡವೆಯಿಲ್ಲ, ಆದರೆ ನನ್ನ ಕಿವಿಗೆ ಅದರ ನಾದ ಇನ್ನೂ ಒಣಕಲು. ಆಡಿನ ಚರ್ಮದಲ್ಲಿ ಪಳಗಿದ ಕೈಗಳ ನುಡಿಸಾಣಿಕೆ ಮಾತ್ರ ನನಗೆ ಪೂರ್ತಿ ಒಪ್ಪಿಗೆಯಾಗಿದೆ. ಕೊರೈಪ್ಪು ಎಂಬ ಸವಾಲು-ಜವಾಬಿನಲ್ಲಿ ಮೃದಂಗಕ್ಕೆ ಉತ್ತರ ಕೊಡುವ ಚುರುಕಿಗೆ, ತನಿಯ ಕೊನೆಗೆ ಬರುವ ಮೋರದ ಲೆಕ್ಕಕ್ಕೆ, ನಡೆಯ ಖಚಿತತೆಗೆ ಅಲ್ಲಿ ಎಳ್ಳಷ್ಟೂ ಕೊರತೆ ಕಾಣಲಿಲ್ಲ.

ಕೊರತೆ ಇರುವುದು ನಮ್ಮ ಸಂಗೀತ ಸಭೆಗಳ ಕಡೆಯಿಂದ. 'ಒರಿಜಿನಲ್ ನಾದ ಅಲ್ಲ' ಎಂದು ಮುಂದಿನ ಸಾಲಿನಲ್ಲಿ ಯಾರೋ ಗೊಣಗಿದರೆ ಎಳೆಯ ಕಲಾವಿದ ಮತ್ತೆ ಉಡದ ಚರ್ಮ ಹುಡುಕುತ್ತಾನೆ. ಕಲಾವಿದರನ್ನು ಗೊತ್ತುಮಾಡುವಾಗಲೇ ಸಭೆಯ ಕಾರ್ಯದರ್ಶಿಗಳು ಉಡದ ಚರ್ಮ ಬೇಡ ಎಂದು ಹೇಳಿಬಿಡಲಿ. ವಾದ್ಯ ತಯಾರಕರು ಹತ್ತಾರು ಬಗೆಯ ಆಡಿನ ಚರ್ಮ ಹದಮಾಡಿ ನೋಡಲು ಸಂಗೀತ ನೃತ್ಯ ಅಕಾಡೆಮಿ ಹಣ ಕೊಡಲಿ. ರಸಿಕರು ಮಾಡಬೇಕಾದ್ದು ಇನ್ನೂ ಸುಲಭ: ತನಿ ಶುರುವಾದ ಕೂಡಲೇ ಕಾಫಿಗೆ ಏಳದೆ ಕುಳಿತು ಕೇಳಿ, ಕಛೇರಿ ಮುಗಿದ ಮೇಲೆ ಆಡಿನ ಚರ್ಮದಲ್ಲಿ ನುಡಿಸಿದವರ ಬಳಿ ಹೋಗಿ ಚೆನ್ನಾಗಿತ್ತು ಎಂದು ಬಾಯಿಬಿಟ್ಟು ಹೇಳಿ.