ಮರೆಯ ಬಾಣದ ವಿಚಾರ

ವಾಲಿವಧೆಯ ಪ್ರಕರಣವನ್ನು ಕುರಿತು ನಮ್ಮಲ್ಲಿ ನಡೆಯುತ್ತ ಬಂದಿರುವ ಚರ್ಚೆಗೆ ಕೊನೆಯಿಲ್ಲ. ಮರದ ಮರೆಯಲ್ಲಿ ನಿಂತು ಬಾಣವನ್ನು ಬಿಡುವುದು ಕ್ಷತ್ರಿಯನಿಗೆ ಉಚಿತವೇ ಎಂದು ಒಂದು ಪಕ್ಷದವರು ಕೇಳುತ್ತಾರೆ. ಅವತಾರಪುರುಷನ ನಡತೆಯು ನಮ್ಮ ಅಳತೆಗೆ ಮೀರಿದುದೆಂದು ಮತ್ತೊಂದು ಪಕ್ಷದವರು ಉತ್ತರ ಕೊಡುತ್ತಾರೆ. ಆದರೆ ಶ್ರೀರಾಮನು ತಾನೇ ಹೇಳಿದ ಸಮಾಧಾನಗಳಲ್ಲೊಂದನ್ನು ಇಬ್ಬರೂ ಸಾಕಷ್ಟು ಗಮನಿಸಿದಂತೆ ತೋರುವುದಿಲ್ಲ. ಕಿಷ್ಕಿಂಧಾಕಾಂಡದ ೧೮ನೆಯ ಸರ್ಗದಲ್ಲಿ ಅವನು ಬೇಟೆಯ ದೃಷ್ಟಾಂತವನ್ನು ಎತ್ತುತ್ತಾನೆ: ಜನರು ಬಲೆಯಿಂದಲೂ ಪಾಶದಿಂದಲೂ ಗುಪ್ತೋಪಾಯಗಳಿಂದಲೂ ಮೃಗಗಳನ್ನು ಹಿಡಿಯುತ್ತಾರೆ, ಮರೆಯಲ್ಲಿದ್ದೂ ಹೊಡೆಯುತ್ತಾರೆ, ಅದರಲ್ಲಿ ದೋಷವಿಲ್ಲ ಎಂಬುದು ಆ ಮಾತಿನ ತಾತ್ಪರ್ಯ. ಇದನ್ನು ಬರಿಯ ವಾದಚಾತುರ್ಯವೆಂದು ಬದಿಗೊತ್ತುವ ವಿಮರ್ಶಕರುಂಟು. ಬದಿಗೊತ್ತುವ ಮೊದಲು, ಬಿಲ್ಲುಗಾರನ ಬೇಟೆಯಲ್ಲಿ ಮರೆ ಎಂಬುದರ ಅರ್ಥವೇನು, ಅದರಿಂದ ಬೇಟೆಗಾರನ ಮೇಲೆ ಬೀಳುವ ಹೊಣೆಯೇನು ಎಂಬುದನ್ನು ವಿಚಾರಿಸತಕ್ಕದ್ದು.

ನಮ್ಮ ದೇಶದಲ್ಲಿ ೧೯೭೨ರ ವನ್ಯಜೀವಿ ಸಂರಕ್ಷಣಾ ಶಾಸನದಿಂದಲೂ ಅದಕ್ಕೆ ೧೯೯೧ರಲ್ಲಿ ಆದ ತಿದ್ದುಪಡಿಯಿಂದಲೂ ಜಿಂಕೆ ಕಡವೆಗಳ ಬೇಟೆಯು ನಿಂತುಹೋಗಿದೆ. ಬಿಲ್ಲಿನಿಂದ ಜಿಂಕೆಯನ್ನು ಬೇಟೆಯಾಡುವ ಕ್ರಮವು ಇಂದಿಗೂ ಬಳಕೆಯಲ್ಲಿರುವ ದೇಶಗಳಲ್ಲಿ ಅಮೆರಿಕಾ ಸಂಯುಕ್ತ ಸಂಸ್ಥಾನವು ಮುಖ್ಯವಾದುದು. ಅಲ್ಲಿನ ಬಿಲ್ಲುಗಾರರು ನೆಲದ ಮೇಲೆ ಬಟ್ಟೆಯ ಸಣ್ಣ ಗುಡಾರವನ್ನೊ ಕೊಂಬೆರೆಂಬೆಗಳ ಗೂಡನ್ನೊ ಕಟ್ಟಿಕೊಂಡು ಅದರೊಳಗೆ ಕುಳಿತು ಕಾಯುತ್ತಾರೆ. ಇದಕ್ಕೆ ಕಾರಣವು ಸ್ಪಷ್ಟವಾಗಿದೆ. ಕೋವಿಯವನು ನೂರಾರು ಗಜಗಳ ದೂರದಿಂದ ಗುರಿಯಿಡಬಲ್ಲನು. ಬಿಲ್ಲುಗಾರನಾದರೆ ಸುಮಾರು ೩೦ ಮೀಟರುಗಳ ಒಳಗೆ ಬರಬೇಕು. ಅಲ್ಲದೆ ಹೆದೆಯನ್ನೆಳೆಯುವಾಗ ಅವನ ತೋಳು ಚಲಿಸಲೇಬೇಕು. ಜಿಂಕೆಯ ಕಣ್ಣುಗಳು ತಲೆಯ ಎರಡು ಪಕ್ಕಗಳಲ್ಲಿರುವುದರಿಂದ ಅದು ಬೆನ್ನ ಹಿಂದಿನ ಸ್ವಲ್ಪ ಭಾಗವನ್ನುಳಿದು ಸುತ್ತಲೂ ನೋಡಬಲ್ಲದು. ಬಣ್ಣಗಳ ಭೇದವನ್ನು ಅದು ನಮ್ಮಷ್ಟು ಅರಿಯದಿದ್ದರೂ ಅಲ್ಪ ಚಲನೆಯನ್ನೂ ಕಂಡುಹಿಡಿಯುತ್ತದೆ. ಗಾಳಿಯು ಬೇಟೆಗಾರನ ಕಡೆಯಿಂದ ಬೀಸಿದರೆ ಮರೆಯಿದ್ದೂ ಇಲ್ಲದಂತೆಯೆ. ಆದಕಾರಣ ಗುಡಾರವನ್ನು ಎಷ್ಟೋ ದಿನಗಳ ಮುಂಚೆಯೆ ಹೂಡಿ ಜಿಂಕೆಗಳಿಗೆ ಅದು ರೂಢಿಯಾಗುವಂತೆ ಮಾಡುವರು. ಒಳಭಾಗವನ್ನು ಕಪ್ಪಾಗಿರಿಸಿ, ತಾವೂ ಕಪ್ಪು ಉಡುಪನ್ನು ತೊಟ್ಟು, ಕಂಡಿಯಿಂದ ಹಿಂದಕ್ಕೆ ಸರಿದು ಕುಳಿತುಕೊಳ್ಳುವರು.

ಇಷ್ಟಾದರೂ ಬಾಣವನ್ನು ಒಡನೆಯೆ ಬಿಡುವಂತಿಲ್ಲ. ಇಂದಿನ ಬಲವಾದ ಬಿಲ್ಲಿನ ಬಾಣವು ಸೆಕೆಂಡಿಗೆ ಸುಮಾರು ೯೦ ಮೀಟರು ಹೋಗುತ್ತದೆ. ಶಬ್ದವು ಸುಮಾರು ೩೪೦ ಮೀಟರು ಹೋಗುತ್ತದೆ. ೩೦ ಮೀಟರು ದೂರದಲ್ಲಿರುವ ಜಿಂಕೆಗೆ ಹೆದೆಯ ಸದ್ದು ಸೆಕೆಂಡಿನ ಹತ್ತನೆಯ ಒಂದು ಭಾಗದೊಳಗೆ ಕೇಳುತ್ತದೆ. ಬಾಣವು ಮುಟ್ಟಲು ಮೂರನೆಯ ಒಂದು ಭಾಗ ಬೇಕು. ಈ ಅಂತರದಲ್ಲಿ ಬೆದರಿದ ಜಿಂಕೆಯು ಮೈಯನ್ನು ತಗ್ಗಿಸಿ ನೆಗೆದರೆ ಬಾಣವು ತಪ್ಪಿಹೋಗುವುದು, ಇಲ್ಲವೆ ಅದನ್ನು ಕೊಲ್ಲದೆ ಗಾಯಗೊಳಿಸುವುದು. ಆದ್ದರಿಂದ ಜಿಂಕೆಯು ಶಂಕೆಯಿಲ್ಲದೆ, ಪಕ್ಕೆಯು ಪೂರ್ತಿಯಾಗಿ ಕಾಣುವಂತೆ ನಿಲ್ಲುವವರೆಗೆ ಕಾಯಬೇಕೆಂಬುದು ಅಲ್ಲಿ ಕಲಿಸುವ ಮೊದಲ ಪಾಠಗಳಲ್ಲೊಂದು. ಗುರಿಯು ಯಾವುದೆಂಬುದನ್ನೂ ಅದರ ಹಿಂದೆ ಏನಿದೆಯೆಂಬುದನ್ನೂ ನಿಶ್ಚಯಿಸದೆ ಬಿಡಕೂಡದೆಂಬುದು ಮತ್ತೊಂದು. ರಾತ್ರಿಯಲ್ಲಿ ಜಿಂಕೆಯನ್ನು ಹೊಡೆಯುವುದನ್ನು ಆ ದೇಶದ ಸಂಸ್ಥಾನಗಳ ಕಾನೂನು ಸಾಮಾನ್ಯವಾಗಿ ನಿಷೇಧಿಸಿದೆ.

ಇದರಿಂದ ಒಂದು ಸಂಗತಿಯು ತಿಳಿಯುತ್ತದೆ. ಮರೆಯು ಬೇಟೆಗಾರನಿಗೆ ಕೊಡುವುದು ವಂಚನೆಯ ಸೌಕರ್ಯವೊಂದನ್ನೇ ಅಲ್ಲ. ಅದು ಕಾಲಾವಕಾಶವನ್ನು ಕೊಡುತ್ತದೆ. ಓಡುವ ಮೃಗವನ್ನು ಅಟ್ಟಿಕೊಂಡು ಹೋಗುವವನಿಗೆ ನೋಡಿ ನಿಶ್ಚಯಿಸಲು ಬಿಡುವಿಲ್ಲ. ಮರೆಯಲ್ಲಿರುವವನಿಗೆ ಆ ಬಿಡುವುಂಟು. ಆದುದರಿಂದಲೇ ಅವನ ತಪ್ಪಿಗೆ ಕ್ಷಮೆಯೂ ಕಡಮೆ. ಈ ಅಳತೆಗೋಲನ್ನು ಹಿಡಿದು ನಮ್ಮ ಇತಿಹಾಸಕಾವ್ಯಗಳ ಮೂರು ಬಾಣಗಳನ್ನು ಪರೀಕ್ಷಿಸೋಣ.

ಮೊದಲನೆಯದು ದಶರಥನ ಬಾಣ. ಅಯೋಧ್ಯಾಕಾಂಡದಲ್ಲಿ ಅವನೇ ಕೌಸಲ್ಯೆಗೆ ಹೇಳುವ ಪ್ರಕಾರ, ಯುವರಾಜನಾಗಿದ್ದಾಗ ಮಳೆಗಾಲದ ಒಂದು ರಾತ್ರಿ ಸರಯೂತೀರಕ್ಕೆ ಹೋಗಿ, ನೀರಿಗೆ ಬರುವ ಕಾಡುಕೋಣವನ್ನೊ ಆನೆಯನ್ನೊ ಬೇರೆ ಮೃಗವನ್ನೊ ಕೊಲ್ಲಬೇಕೆಂದು ಹೊಂಚಿಕೊಂಡಿದ್ದನು. ಕತ್ತಲೆಯೆ ಅವನಿಗೆ ಮರೆ. ಕೊಡ ತುಂಬುವ ಸದ್ದನ್ನು ಆನೆಯ ಧ್ವನಿಯೆಂದು ಬಗೆದು ಶಬ್ದವೇಧಿಯಾದ ಬಾಣವನ್ನು ಬಿಟ್ಟನು. ಬಿದ್ದವನು ಕುರುಡ ತಂದೆತಾಯಿಗಳ ಮಗನು. ಇಲ್ಲಿ ದೋಷವು ಹೊಂಚಿನಲ್ಲಿಲ್ಲ. ಹೊಂಚು ಕೊಟ್ಟ ಅವಕಾಶವನ್ನು ತನ್ನ ವಿದ್ಯೆಯ ಹೆಮ್ಮೆಗಾಗಿ ಕಳೆದುಕೊಂಡದ್ದರಲ್ಲಿದೆ. ಕಾಣದೆ ಹೊಡೆಯಬಲ್ಲೆನೆಂಬ ಕೀರ್ತಿಯೆ ಕಾಣುವ ಕರ್ತವ್ಯವನ್ನು ಮರೆಸಿತು.

ಕಾಳಿದಾಸನು ಈ ಮರ್ಮವನ್ನು ಚೆನ್ನಾಗಿ ಗ್ರಹಿಸಿದ್ದನೆಂದು ನನಗೆ ತೋರುತ್ತದೆ. ರಘುವಂಶದ ೯ನೆಯ ಸರ್ಗದಲ್ಲಿ ಇದೇ ದಶರಥನು ಒಂದು ಜಿಂಕೆಗೆ ಗುರಿಯಿಡುತ್ತಾನೆ. ಹೆಣ್ಣು ಜಿಂಕೆಯು ತನ್ನ ಗಂಡಿಗೆ ಅಡ್ಡವಾಗಿ ಬಂದು ನಿಲ್ಲುತ್ತದೆ. ಅದನ್ನು ಕಂಡ ರಾಜನು ಕರುಣೆಯಿಂದ, ಕಿವಿಯವರೆಗೆ ಎಳೆದಿದ್ದ ಬಾಣವನ್ನು ಹಿಂದೆಗೆಯುತ್ತಾನೆ. ಅದೇ ಸರ್ಗದ ಕೊನೆಯಲ್ಲಿ ಮುನಿಕುಮಾರನ ವಧೆ ಬರುತ್ತದೆ. ಕಂಡಾಗ ಕೈ ತಡೆಯಿತು, ಕಾಣದಾಗ ತಡೆಯಲಿಲ್ಲ. ಈ ಎರಡು ಚಿತ್ರಗಳನ್ನು ಬೇರೆ ಬೇರೆಯಾಗಿ ಹೊಗಳುವುದು ವ್ಯಾಖ್ಯಾನಕಾರರ ವಾಡಿಕೆ; ಒಂದನ್ನು ಮತ್ತೊಂದರ ಬೆಳಕಿನಲ್ಲಿ ಓದಿದರೆ ಮಾತ್ರ ಸರ್ಗದ ಏಕತೆಯು ಗೋಚರವಾಗುವುದು.

ಎರಡನೆಯದು ಪಾಂಡುವಿನದು. ಪಂಪನೂ ಕುಮಾರವ್ಯಾಸನೂ ಕನ್ನಡದಲ್ಲಿ ಹೇಳಿರುವ ಈ ಕಥೆಯು ನಮ್ಮವರಿಗೆ ಪರಿಚಿತವಾದುದೆ. ಮೃಗರೂಪದಿಂದ ಕೂಡಿದ್ದ ಕಿಂದಮನನ್ನು ಪಾಂಡುವು ಹೊಡೆದಾಗ ನಡೆಯುವ ಸಂವಾದದಲ್ಲಿ, ವ್ಯಾಸಭಾರತದ ಒಂದು ಮಾತು ವಿಚಾರಾರ್ಹವಾಗಿದೆ. ರಾಜರು ಮೃಗಗಳನ್ನು ಕೊಲ್ಲುವ ಬಗೆಯನ್ನು ಹೇಳುವಾಗ ‘ಅಚ್ಛದ್ಮನಾ’ ಎಂಬ ಪದದ ಮುಂದೆ ಸಂಧಿಯಾಗಿದೆ. ಅಲ್ಲಿರುವುದು ‘ಮಾಯಯಾ’ ಎಂದಾದರೆ, ಪ್ರತ್ಯಕ್ಷವಾಗಿಯೂ ಕಪಟದಿಂದಲೂ ಕೊಲ್ಲಬಹುದೆಂದು ಅರ್ಥ. ಕಿಸಾರಿ ಮೋಹನ ಗಂಗೂಲಿಯವರ ಇಂಗ್ಲಿಷ್ ಭಾಷಾಂತರವು ಈ ದಾರಿಯನ್ನು ಹಿಡಿದಿದೆ. ‘ಅಮಾಯಯಾ’ ಎಂದಾದರೆ, ಮರೆಯೂ ಮಾಯೆಯೂ ಇಲ್ಲದೆ ಕೊಲ್ಲತಕ್ಕದ್ದೆಂದು ಅರ್ಥ. ಉಚ್ಚಾರಣೆಯಲ್ಲಿ ಎರಡಕ್ಕೂ ಭೇದವಿಲ್ಲ. ಶತ್ರುವಧೆಯ ಸಾಮ್ಯವನ್ನು ಪಾಂಡುವು ಮೊದಲೆ ಹೇಳಿರುವುದರಿಂದ ಎರಡನೆಯ ಅರ್ಥವೆ ಹೊಂದುವಂತೆ ಕಾಣುತ್ತದೆ. ಹಾಗಾದರೆ ಮರೆಯ ವಿಷಯದಲ್ಲಿ ಎರಡು ಇತಿಹಾಸಗಳಿಗೂ ಒಮ್ಮತವಿಲ್ಲವೆಂದಾಗುತ್ತದೆ. ಆದರೆ ಕಿಂದಮನ ಆಕ್ಷೇಪವನ್ನು ನೋಡಿರಿ. ಮೃಗವನ್ನು ಕೊಂದುದಕ್ಕಾಗಿ ನಾನು ನಿನ್ನನ್ನು ನಿಂದಿಸುವುದಿಲ್ಲ, ನನ್ನ ಸಂಗಮವು ಮುಗಿಯುವವರೆಗೆ ನೀನು ಕಾಯಬೇಕಾಗಿತ್ತು ಎಂಬುದು ಅವನ ಅಭಿಪ್ರಾಯ. ಇಲ್ಲಿಯೂ ಅಪರಾಧವು ಕಾಯದಿರುವುದೆ ಹೊರತು ಮರೆಯಲ್ಲ.

ಮೂರನೆಯದು ರಾಮನ ಬಾಣ. ಎಲ್ಲರೂ ಬಿಟ್ಟ ಬಾಣವನ್ನು ಚರ್ಚಿಸುತ್ತಾರೆ. ಬಿಡದ ಬಾಣವನ್ನು ಮರೆಯುತ್ತಾರೆ. ವಾಲಿಸುಗ್ರೀವರ ಮೊದಲನೆಯ ಕಾಳಗದಲ್ಲಿ ಅಣ್ಣತಮ್ಮಂದಿರ ರೂಪವು ಒಂದೇ ಆಗಿದ್ದುದರಿಂದ, ಯಾರು ಯಾರೆಂಬುದನ್ನು ಕಾಣಲಾರದೆ ರಾಮನು ಬಾಣವನ್ನು ತಡೆದನು. ಸುಗ್ರೀವನು ಪೆಟ್ಟುತಿಂದು ಓಡಿಬಂದು ದೂರಿದಾಗ, ಅವನ ಕೊರಳಿಗೆ ಲಕ್ಷ್ಮಣನಿಂದ ಗಜಪುಷ್ಪೀಲತೆಯನ್ನು ಕಟ್ಟಿಸಿ ಗುರುತು ಮಾಡಿದ ಮೇಲೆಯೆ ಎರಡನೆಯ ಕಾಳಗದಲ್ಲಿ ಬಾಣವನ್ನು ಬಿಟ್ಟನು. ಸಂಶಯದಲ್ಲಿ ತಂದೆಯು ಬಿಟ್ಟನು, ಮಗನು ತಡೆದನು. ಬೇಟೆಗಾರನ ಧರ್ಮವನ್ನು ಇಷ್ಟು ನಿಷ್ಠೆಯಿಂದ ನಡೆಸಿದವನ ಬಾಯಲ್ಲಿ ಬೇಟೆಯ ದೃಷ್ಟಾಂತವು ಬರಿಯ ನೆಪವೆಂದು ಹೇಳುವುದು ನ್ಯಾಯವಲ್ಲ.

ಹೀಗಾದರೂ ಆ ದೃಷ್ಟಾಂತಕ್ಕೆ ಒಂದು ಮಿತಿಯುಂಟೆಂಬುದನ್ನು ಒಪ್ಪಲೇಬೇಕು. ವಾಲಿಯ ಆಕ್ಷೇಪದಲ್ಲಿ ಎರಡು ಅಂಗಗಳಿವೆ: ಮರೆಯಿಂದ ಹೊಡೆದದ್ದೇಕೆ ಎಂಬುದೊಂದು, ಹೊಡೆದದ್ದೇ ಏಕೆ ಎಂಬುದೊಂದು. ಬೇಟೆಯ ಮಾತು ಮೊದಲನೆಯದಕ್ಕೆ ಉತ್ತರವಾದೀತು; ಎರಡನೆಯದಕ್ಕಾಗದು. ತನ್ನ ಮಾಂಸ ಚರ್ಮಗಳು ಯಾರಿಗೂ ಉಪಯೋಗವಿಲ್ಲವೆಂದು ವಾದಿಸಬಲ್ಲ ಪ್ರಾಣಿಯು ಜಿಂಕೆಯಲ್ಲ. ರಾಮನೂ ಇದನ್ನು ಬಲ್ಲನು. ಆದುದರಿಂದಲೇ ತಮ್ಮನ ಹೆಂಡತಿಯಾದ ರುಮೆಯನ್ನು ಇಟ್ಟುಕೊಂಡ ಅಪರಾಧವನ್ನೂ ಅದಕ್ಕೆ ರಾಜದಂಡವನ್ನೂ ಮೊದಲು ಹೇಳಿ, ಬೇಟೆಯನ್ನು ಆಮೇಲೆ ಹೇಳುತ್ತಾನೆ. ವಿಮರ್ಶಕರು ಈ ಎರಡು ಉತ್ತರಗಳನ್ನು ಬೆರಸಿ, ಒಂದರ ಕೊರತೆಯನ್ನು ಮತ್ತೊಂದರ ಮೇಲೆ ಹೊರಿಸಿರುವುದರಿಂದಲೇ ಚರ್ಚೆಯು ಗೋಜಲಾಗಿದೆ. ದಂಡವು ನ್ಯಾಯವೇ ಅಲ್ಲವೇ ಎಂಬುದು ಬೇರೆಯಾಗಿ ತೀರ್ಮಾನವಾಗಬೇಕಾದ ಪ್ರಶ್ನೆ. ಮರೆಯ ಮಟ್ಟಿಗಾದರೋ, ಕವಿಗಳು ಕೇಳುವುದು ಬೇಟೆಗಾರನು ಅಡಗಿದ್ದನೆ ಎಂದಲ್ಲ; ಅಡಗಿದ್ದವನು ನೋಡಿದನೆ, ಕಾದನೆ ಎಂದು. ಈ ಅರ್ಥವನ್ನು ವಿದ್ವಾಂಸರು ಮೂಲಗಳೊಡನೆ ಹೋಲಿಸಿ ಪರಿಶೀಲಿಸಬೇಕೆಂದು ಪ್ರಾರ್ಥನೆ.