ಸಫಾರಿ ಟಿಪ್ಸ್‌ನಲ್ಲಿ ಕಾಡೆಲ್ಲಿದೆ?

ಟೀಮಿನ ಇಬ್ಬರು ಕೀನ್ಯಾದ ಮಸಾಯಿ ಮಾರಾಕ್ಕೆ ಟಿಕೆಟ್ ಮಾಡಿಸಿದ್ದೇ ತಡ, ಆಫೀಸ್ ಗ್ರೂಪಿನಲ್ಲಿ ‘ಆಫ್ರಿಕಾ ಸಫಾರಿಗೆ ಹತ್ತು ಟಿಪ್ಸ್’ ಜಾತಿಯ ಬರಹಗಳ ಮಳೆ. ಬಂದದ್ದೆಲ್ಲ ಓದಿದೆ. ಅರ್ಧ ಉಪಯೋಗಕ್ಕೆ ಬರುತ್ತದೆ. ಇನ್ನರ್ಧದ ಬಗ್ಗೆ ನನಗೆ ತಕರಾರಿದೆ.

ಮೊದಲು ಉಪಯೋಗದ್ದು. ಹಳದಿ ಜ್ವರದ ಲಸಿಕೆಯನ್ನು ಕನಿಷ್ಠ ಹತ್ತು ದಿನ ಮೊದಲೇ ಹಾಕಿಸಿಕೊಳ್ಳಿ, ಸರ್ಟಿಫಿಕೇಟ್ ಕೈಯಲ್ಲಿರಲಿ ಅನ್ನುತ್ತಾರೆ. ಸರಿಯೇ, ವಾಪಸ್ ಬರುವಾಗ ನಮ್ಮ ಏರ್‌ಪೋರ್ಟಿನಲ್ಲೇ ಅದನ್ನು ಕೇಳುತ್ತಾರೆ. ಮಲೇರಿಯಾ ಮಾತ್ರೆಗೆ ಡಾಕ್ಟರನ್ನು ಕಾಣಿ, ನೈರೋಬಿಯಿಂದ ಸಣ್ಣ ವಿಮಾನವಾದರೆ ಲಗೇಜು 15 ಕೆಜಿ ಒಳಗೆ, ಮೆತ್ತನೆ ಬ್ಯಾಗಿನಲ್ಲಿರಲಿ. ಬೆಳಗಿನ ಸಫಾರಿಗೆ ಸ್ವೆಟರ್ ಬೇಕು, ಮಾರಾ ಎತ್ತರದ ಜಾಗ. ತ್ಸೆತ್ಸೆ ನೊಣ ಇರುವ ಕಡೆ ಕಡುನೀಲಿ, ಕಪ್ಪು ಬಟ್ಟೆ ಬೇಡ, ಆ ಬಣ್ಣಕ್ಕೆ ನೊಣ ಮುತ್ತುತ್ತದೆ. ಪ್ಲಾಸ್ಟಿಕ್ ಕೈಚೀಲವನ್ನು ಕೀನ್ಯಾ 2017ರಲ್ಲೇ ನಿಷೇಧಿಸಿದೆ. ಇಷ್ಟರಲ್ಲಿ ತಪ್ಪು ಹುಡುಕುವಂಥದ್ದೇನಿಲ್ಲ.

ಆದರೆ ಗಮನಿಸಿ ನೋಡಿ. ಇವೆಲ್ಲ ನಮ್ಮ ಮೈ, ನಮ್ಮ ಬ್ಯಾಗು, ನಮ್ಮ ಕ್ಯಾಮೆರಾದ ಮಾತು. ಪ್ರಾಣಿಯ ಸುದ್ದಿ ಬರುವುದು ‘ಬಿಗ್ ಫೈವ್ ಮಿಸ್ ಮಾಡ್ಕೋಬೇಡಿ’ ಅನ್ನುವಲ್ಲಿ ಮಾತ್ರ. ಸಿಂಹ, ಚಿರತೆ, ಆನೆ, ಘೇಂಡಾಮೃಗ, ಕಾಡೆಮ್ಮೆ. ಇದು ಹಳೆಯ ಬೇಟೆಗಾರರ ಲೆಕ್ಕ. ನಡೆದುಕೊಂಡು ಹೋಗಿ ಹೊಡೆಯುವುದಕ್ಕೆ ಅತಿ ಕಷ್ಟದ, ಅಪಾಯದ ಐದು ಪ್ರಾಣಿಗಳು. ಬಂದೂಕಿನ ಜಾಗಕ್ಕೆ ಲೆನ್ಸ್ ಬಂದರೂ ಪಟ್ಟಿ ಅದೇ ಉಳಿದಿದೆ.

ಕೆಲವರು ಇನ್ನೂ ಮುಂದೆ ಹೋಗಿ, ‘ಡ್ರೈವರಿಗೆ ನಾಲ್ಕು ಕಾಸು ಜಾಸ್ತಿ ಕೊಟ್ಟರೆ ಹತ್ತಿರ ಕರೆದೊಯ್ಯುತ್ತಾನೆ’ ಅಂತ ಬರೆಯುತ್ತಾರೆ. ಇದು ಟಿಪ್ಸ್ ಅಲ್ಲ, ಹಾನಿ. ಚೀತಾ ಹಗಲಲ್ಲಿ ಬೇಟೆಯಾಡುವ ಪ್ರಾಣಿ, ಸುತ್ತ ಗಾಡಿ ನಿಂತರೆ ಅದರ ಊಟವೇ ತಪ್ಪಬಹುದು. ಮಾರಾದಲ್ಲಿ ನಡೆದು 2018ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಪ್ರವಾಸಿಗರು ಹೆಚ್ಚಿರುವ ಕಡೆಯ ತಾಯಿ ಚೀತಾಗಳು ಬೆಳೆಸಿ ದೊಡ್ಡ ಮಾಡಿದ ಮರಿಗಳು ಉಳಿದ ಕಡೆಗಿಂತ ತೀರಾ ಕಮ್ಮಿ ಇದ್ದವು. ಒಂದು ಪ್ರಾಣಿಯ ಸುತ್ತ ಐದಕ್ಕಿಂತ ಹೆಚ್ಚು ಗಾಡಿ ಇರಬಾರದು ಅಂತ ಅಲ್ಲಿ ನಿಯಮವಿದೆ. ಅದನ್ನು ಹೇಳುವ ಟಿಪ್ಸ್ ನನಗೆ ಸಿಕ್ಕಿದ್ದು ಒಂದೋ ಎರಡೋ.

ಇದೇ ಬರಹಗಳನ್ನು ಹೆಸರು ಬದಲಿಸಿ ದಾಂಡೇಲಿಗೂ ಅಂಟಿಸುತ್ತಾರೆ. ನನಗೆ ಹೆಚ್ಚು ಸಿಟ್ಟು ಬರುವುದು ಇಲ್ಲೇ. ನನ್ನೂರು ಕಾರವಾರದ ಪಕ್ಕದ ಬಿಣಗಾ. ಕದ್ರಾ ದಾಟಿ ಘಾಟಿ ಹತ್ತಿದರೆ ಅಣಶಿ, ಅಲ್ಲಿಂದ ಕಾಳಿ ಹುಲಿ ಸಂರಕ್ಷಿತ ಪ್ರದೇಶ. 2007ರಲ್ಲಿ ದಾಂಡೇಲಿ–ಅಣಶಿ ಹೆಸರಲ್ಲಿ ಘೋಷಣೆಯಾಯಿತು, 2015ರಲ್ಲಿ ಕಾಳಿ ಅಂತಾಯಿತು. ಮಾರಾ ಹುಲ್ಲುಗಾವಲು, ಅಲ್ಲಿ ದೂರದ ಸಿಂಹವೂ ಕಾಣುತ್ತದೆ. ನಮ್ಮದು ಒತ್ತು ಕಾಡು, ಎಷ್ಟೋ ಕಡೆ ಇಪ್ಪತ್ತು ಹೆಜ್ಜೆ ಆಚೆಗಿನ ಕಾಡುಕೋಣವೂ ಕಾಣುವುದಿಲ್ಲ. ‘ಬ್ಲ್ಯಾಕ್ ಪ್ಯಾಂಥರ್ ಗ್ಯಾರಂಟಿ’ ಅಂತ ಓದಿಕೊಂಡು ಬಂದವರು ಎರಡು ಗಂಟೆ ಜೀಪಿನಲ್ಲಿ ಕೂತು, ‘ಏನೂ ಇಲ್ಲ ಮಾರಾಯ್ರೆ’ ಅಂತ ಒಂದು ಸ್ಟಾರ್ ಕೊಟ್ಟು ಹೋಗುತ್ತಾರೆ.

ಇಲ್ಲಿ ಕಿವಿಗೆ ಹೆಚ್ಚು ಕೆಲಸ. ಕಡವೆ ಕೂಗಿತೇ, ಮುಸಿಯ ಎಚ್ಚರಿಸಿತೇ ಅಂತ ಆಲಿಸಬೇಕು. ಮಂಗಟ್ಟೆ ಹಾರಿದರೆ ರೆಕ್ಕೆಯ ಸದ್ದು ಮೊದಲು ಕೇಳುತ್ತದೆ, ಹಕ್ಕಿ ಆಮೇಲೆ ಕಾಣುತ್ತದೆ. ಹಾಡು ಹಾಕಿದ ಜೀಪಿನಲ್ಲಿ ಇದು ಯಾವುದೂ ಸಿಗುವುದಿಲ್ಲ. ಆರೋಗ್ಯದ ವಿಷಯದಲ್ಲೂ ಹಾಗೆಯೇ. ತ್ಸೆತ್ಸೆ ನೊಣದ ಬಗ್ಗೆ ಪುಟಗಟ್ಟಲೆ ಬರೆಯುವವರು ಮಳೆಗಾಲದ ಉಂಬಳ, ಬೇಸಿಗೆಯ ಉಣುಗಿನ ಬಗ್ಗೆ ಸುಮ್ಮನಿರುತ್ತಾರೆ. 1957ರಲ್ಲಿ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆ ಹರಡುವುದು ಉಣುಗಿನಿಂದಲೇ. ನಮ್ಮ ಜಿಲ್ಲೆಯ ಸಿದ್ದಾಪುರದ ಕಡೆ ಜನ ಅದರಿಂದ ಸತ್ತಿದ್ದಾರೆ. ತುಂಬು ತೋಳಿನ ಅಂಗಿ ಹಾಕಿ, ತರಗೆಲೆ ಮೇಲೆ ಕೂರಬೇಡಿ, ಬಂದ ಮೇಲೆ ಬಿಸಿನೀರಲ್ಲಿ ಮಿಂದು ಮೈ ನೋಡಿಕೊಳ್ಳಿ.

ಇನ್ನೊಂದು ಕೊರತೆ ಜನರದ್ದು. ಈ ಬರಹಗಳಲ್ಲಿ ಮಸಾಯಿ ಜನ ಬರುವುದು ‘ಫೋಟೋ ತೆಗೆಯುವ ಮೊದಲು ಕೇಳಿ’ ಅನ್ನುವ ಕೊನೆಯ ಸಾಲಿನಲ್ಲಿ. ಮಾರಾದ ಸುತ್ತ ಮಸಾಯಿಗಳು ತಮ್ಮ ಜಮೀನನ್ನು ಬಾಡಿಗೆಗೆ ಕೊಟ್ಟು ನಡೆಸುವ ಕನ್ಸರ್ವೆನ್ಸಿಗಳಿವೆ. ಅಲ್ಲಿ ಗಾಡಿ ಕಮ್ಮಿ, ದುಡ್ಡು ಭೂಮಿಯವರಿಗೂ ಹೋಗುತ್ತದೆ. ಉಳಿಯುವ ಜಾಗ ಆರಿಸುವಾಗ ಇದಕ್ಕಿಂತ ಉಪಯೋಗದ ಮಾಹಿತಿ ಬೇರೆ ಯಾವುದಿದೆ? ಜೋಯಿಡಾ ಕಡೆಯ ಟಿಪ್ಸ್‌ನಲ್ಲೂ ಕುಣಬಿಗಳ ಹೆಸರಿಲ್ಲ. ಅವರು ಬೆಳೆಯುವ ಗೆಡ್ಡೆ-ಗೆಣಸಿನ ಊಟ ಹಾಕುವ ಮನೆ ಹುಡುಕಿ ಉಳಿದರೆ, ಕಾಡಿನ ವಿಷಯ ಕೇಳಲು ಜನ ಸಿಗುತ್ತಾರೆ.

ಹಾಗಾಗಿ ನಮ್ಮ ಟೀಮಿನವರಿಗೆ ನಾನು ಹೇಳಿದ್ದು ಇಷ್ಟೇ. ಬುಕ್ ಮಾಡುವ ಮೊದಲು ಮೂರು ಪ್ರಶ್ನೆ ಕೇಳಿ: ಪ್ರಾಣಿಯ ಹತ್ತಿರ ಎಷ್ಟು ಗಾಡಿ ಬಿಡುತ್ತೀರಿ? ಗೈಡ್ ಆ ಊರಿನವರೇ? ದುಡ್ಡಿನಲ್ಲಿ ಊರಿಗೆ ಎಷ್ಟು ಹೋಗುತ್ತದೆ? ಹತ್ತಿದ ಮೇಲೆ ಡ್ರೈವರಿಗೆ ಮೊದಲೇ ಹೇಳಿಬಿಡಿ, ‘ಸಿಂಹ ಕಾಣದಿದ್ದರೂ ನಿಮ್ಮ ಟಿಪ್ ಅಷ್ಟೇ ಇರುತ್ತದೆ.’ ಆಮೇಲೆ ಅವರು ಗಾಡಿ ಓಡಿಸುವ ರೀತಿಯೇ ಬೇರೆಯಾಗಬಹುದು.